ಜಲೀಲ್ ಸಾಬರು ಎಡಗಡೆ ಕೂತ ದಿನ

ಯಲ್ಲಾಪುರದ ಲಾರಿ ಸ್ಟ್ಯಾಂಡಿನಲ್ಲಿ ಜಲೀಲ್ ಸಾಬರನ್ನು ಅರಿಯದವರಿಲ್ಲ. ಅರಬೈಲ್ ಘಟ್ಟಕ್ಕೆ ಮಂಜು ಕವಿದು ಉಳಿದವರೆಲ್ಲ ಲಾರಿ ಬದಿಗೆ ಹಾಕಿ ಚಹಾ ಕುಡಿಯುತ್ತಿದ್ದರೆ, ಅವರು ಒಂದನೇ ಗೇರಿನಲ್ಲಿ ಮೆಲ್ಲಗೆ ಇಳಿದು ಹೋಗಿಬಿಡುತ್ತಿದ್ದರು. ಅವರ ಕೈಕೆಳಗಿನ ಕ್ಲೀನರ್ ಡ್ರೈವರ್ ಆಗುವುದಕ್ಕೆ ಒಂದು ಪದ್ಧತಿಯಿತ್ತು. ಸಾಬರು ಕೀಲಿಯನ್ನು ಅವನ ಬಲಗೈಗೆ ಕೊಟ್ಟು, ತಾವು ಎಡಗಡೆಯ ಕ್ಲೀನರ್ ಸೀಟಿಗೆ ಹತ್ತಿ, ಕಿಟಕಿಯಿಂದ ಕೈ ಹೊರಹಾಕಿ ಬಾಗಿಲಿಗೆ ಎರಡು ಸಲ ಬಡಿದು "ರೈಟ್" ಅನ್ನುತ್ತಿದ್ದರು. ಆಮೇಲೆ ಅವನ ಗಾಡಿ ಓಡಿಸುವ ರೀತಿಯ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ.

ಮಗಳು ಶಾಜಿಯಾಳಿಗೆ ಮಾತ್ರ ಆ ಬಡಿತ ಸಿಕ್ಕಿರಲಿಲ್ಲ. ಲೈಸೆನ್ಸ್ ಬಂದಿತ್ತು. ಮನೆಯ ಓಮ್ನಿಯಲ್ಲಿ ಶಾಲೆಮಕ್ಕಳನ್ನು ಬಿಟ್ಟುಬರುವ ಕೆಲಸ ಹಿಡಿಯಬೇಕೆಂದು ಅವಳ ಆಸೆ. ಕೇಳಿದಾಗಲೆಲ್ಲ ಸಾಬರದು ಒಂದೇ ಉತ್ತರ: "ಮುಂದಿನ ತಿಂಗಳು ನೋಡುವಾ."

ಕಾರಣ ಅವರಿಗೊಬ್ಬರಿಗೇ ಗೊತ್ತಿತ್ತು. ರಂಜಾನಿನಿಂದೀಚೆಗೆ ಅವರ ಎರಡೂ ಕಣ್ಣುಗಳು ಮಂಜಾಗಿದ್ದವು. ಮಗಳಿಗೆ ಕೀಲಿ ಕೊಟ್ಟರೆ ಯಾಕೆ ಕೊಟ್ಟಿರೆಂದು ಜನ ಕೇಳುತ್ತಾರೆ. ಕಣ್ಣು ಹೋದ ಡ್ರೈವರನ ಸುದ್ದಿ ಅವನಿಗಿಂತ ಮುಂಚೆ ಸ್ಟ್ಯಾಂಡಿಗೆ ತಲುಪುತ್ತದೆ.

ಹೀಗಿರುವಾಗ ಹೆಂಡತಿ ರಹಿಮತ್‌ಬಿ ಧಾರವಾಡದ ಮಾತು ತೆಗೆದಳು. ಅಲ್ಲಿ ಕೆರೆ ದಂಡೆಯ ಮೇಲೆ ಸಂಗೀತದ ಮ್ಯೂಸಿಯಂ ಆಗಿದೆಯಂತೆ, ಹಳೇ ರೇಡಿಯೋಗಳನ್ನೂ ಇಟ್ಟಿದ್ದಾರಂತೆ.

"ನೀವು ಲೋಡ್ ಹೊತ್ಕೊಂಡ್ ಹೋದ್ರೆ ನನ್ ಜೊತಿಗಿದ್ದಿದ್ದು ಧಾರವಾಡ ರೇಡಿಯೋ ಒಂದೇ. ಆ ಊರನ್ನಾದ್ರೂ ತೋರ್ಸಿ" ಎಂದಳು.

ಇಲ್ಲವೆನ್ನಲು ಸಾಬರಿಗೆ ಬಾಯಿ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಮೂವರೂ ಓಮ್ನಿಯಲ್ಲಿ ಹೊರಟರು. ಸ್ಟೇರಿಂಗ್ ಹಿಡಿದವರು ಸಾಬರೇ. ಕಿರವತ್ತಿಯ ಢಾಬಾಗಳ ಎದುರು ನಿಂತ ಲಾರಿಗಳು ಅವರಿಗೆ ಬರೀ ಕಪ್ಪು ಗುಡ್ಡೆಗಳಾಗಿ ಕಂಡವು. ರಸ್ತೆಯಂಚಿನ ಬಿಳಿ ಗೆರೆಯನ್ನೇ ನಂಬಿ ಓಡಿಸಿದರು.

"ಶಾಜಿಯಾನ್ ಅಬ್ಬಾ, ಆ ಸೈಕಲ್‌ನವ ನಮ್ಮನ್ನ ಹಿಂದ್ ಹಾಕ್ದ" ಎಂದು ರಹಿಮತ್‌ಬಿ ನಕ್ಕಳು.

"ಅವನಿಗೆ ಅರ್ಜೆಂಟ್ ಇರ್ಬೇಕು."

"ಅಬ್ಬಾ, ಗಾಡಿ ನಾ ಬಿಡ್ಲಾ?" ಎಂದು ಶಾಜಿಯಾ ಕೇಳಿದಳು.

"ಸುಮ್ನೆ ಕೂತ್ಕಾ."

ಅಂತೂ ತಲುಪಿದರು. ಮ್ಯೂಸಿಯಮ್ಮಿನ ಒಳಗೆ ತಂಪಾಗಿತ್ತು, ಬೆಳಕು ಕಡಿಮೆ. ರಹಿಮತ್‌ಬಿ ತನ್ನ ಮನೆಯಲ್ಲಿದ್ದಂಥದೇ ರೇಡಿಯೋ ಕಂಡು ಗಾಜಿನ ಮುಂದೆ ನಿಂತುಬಿಟ್ಟಳು. ಸಾಬರು ಒಬ್ಬರೇ ಮುಂದೆ ನಡೆದರು. ಒಂದು ಕಟ್ಟೆಯ ಮೇಲೆ ಟೋಪಿ ಹಾಕಿದ ಹಿರಿಯರೊಬ್ಬರು ಸಿತಾರ್ ಹಿಡಿದು ಕೂತಿದ್ದರು. ಸಾಬರು ಎದೆಗೆ ಕೈಯಿಟ್ಟು ಸಲಾಂ ಹೇಳಿ, ಎದುರಿನ ಬೆಂಚಿನ ಮೇಲೆ ವಿನಯದಿಂದ ಕೂತರು. ಬಹಳ ಹೊತ್ತಿನ ಮೇಲೆ ಶಾಜಿಯಾ ಹುಡುಕಿಕೊಂಡು ಬಂದಳು.

"ಅಬ್ಬಾ, ಇಲ್ಲೆಂತ ಮಾಡ್ತಿದ್ರಿ?"

"ಶ್! ಶುರು ಮಾಡ್ತಾರೆ ಈಗ."

ಶಾಜಿಯಾ ಕಿಸಕ್ಕನೆ ನಕ್ಕಳು. "ಯಾರು? ಅದು ಗೊಂಬೆ ಅಬ್ಬಾ!"

ಅಪ್ಪ ನಗಲಿಲ್ಲ. ಬೆಂಚಿನ ಅಂಚನ್ನು ಕೈಯಿಂದ ತಡವಿ ಎದ್ದು ನಿಂತರು. ಅದನ್ನು ನೋಡಿ ಅವಳ ನಗು ನಿಂತಿತು. ಬೆಳಗಿನ ಸೈಕಲ್ ನೆನಪಾಯಿತು. ಅವರ ತೋಳು ಹಿಡಿದು ಹೊರಗೆ ಕೆರೆ ದಂಡೆಗೆ ಕರೆತಂದು ಕೂರಿಸಿದಳು. ರಹಿಮತ್‌ಬಿಯೂ ಹಿಂದೆಯೇ ಬಂದಳು.

"ಅಬ್ಬಾ, ಆ ದೋಣಿಲಿ ಎಷ್ಟ್ ಜನ ಇದ್ದಾರೆ?"

ಸಾಬರು ನೀರಿನ ಕಡೆ ನೋಡಿದರು. ಬಿಸಿಲು, ಬಿಳುಪು, ಅಷ್ಟೇ.

"ದೋಣಿ ಎಲ್ಲಿದೆ?" ಅಂದರು.

ರಹಿಮತ್‌ಬಿ ಸಿಡಿದಳು. "ಯಾ ಅಲ್ಲಾ! ಕಾಣದ ಕಣ್ಣಲ್ಲಿ ನಮ್ಮನ್ನ ಇಷ್ಟ್ ದೂರ ತಂದ್ರಾ? ನನ್ ಮಗಳ ಜೀವ ಅಗ್ಗ ಆಯ್ತಾ ನಿಮಗೆ?"

"ತಪ್ಪಾಯ್ತು" ಎಂದರು ಸಾಬರು. "ಹೇಳಿದ್ರೆ ಡ್ರೈವರ್ ಜಲೀಲ್ ಅನ್ನೋವ ಉಳಿಯೂದಿಲ್ಲ ಅನ್ಸ್ತು."

"ನನ್ ಅಣ್ಣಂಗೂ ಹೀಗೇ ಪೊರೆ ಬಂದಿತ್ತು. ತೆಗೆಸ್ದ. ಈಗ ನನ್ ಸಾರಲ್ಲಿ ಕೂದ್ಲು ಹುಡುಕ್ತಾನೆ" ಎಂದಳು ರಹಿಮತ್‌ಬಿ, ದನಿ ಇಳಿಸಿ.

ಸಾಬರಿಗೆ ನಗು ತಡೆಯಲಾಗಲಿಲ್ಲ. ತಿಂಗಳುಗಟ್ಟಲೆ ಬಿಗಿಹಿಡಿದಿದ್ದ ಎದೆ ಹಗುರವಾಯಿತು. ಇನ್ನು ಯಾರ ಮುಂದೆಯೂ ಕಂಡಂತೆ ನಟಿಸಬೇಕಾಗಿಲ್ಲ. ಕೆರೆಯ ಮೇಲಿನ ಗಾಳಿ ಹಿತವಾಗಿತ್ತು.

ಓಮ್ನಿಯ ಹತ್ತಿರ ಬಂದಾಗ ಅವರು ಜೇಬಿನಿಂದ ಕೀಲಿ ತೆಗೆದು ಶಾಜಿಯಾಳ ಬಲಗೈಗೆ ಕೊಟ್ಟರು. ಗಾಡಿಯ ಮೂತಿಯನ್ನು ತಡವುತ್ತ ಸುತ್ತುಬಂದು ಎಡಗಡೆ ಹತ್ತಿದರು.

"ಅಬ್ಬಾ, ಕಿರವತ್ತಿ ತನಕ ಬಿಡ್ಲಾ?"

ಸಾಬರು ಕಿಟಕಿಯಿಂದ ಕೈ ಹೊರಹಾಕಿ ಬಾಗಿಲಿಗೆ ಎರಡು ಸಲ ಬಡಿದರು. "ರೈಟ್."

ಕಲಘಟಗಿ ಬರುವಷ್ಟರಲ್ಲಿ ಅವರ ತಲೆ ಒಂದು ಕಡೆ ವಾಲಿತ್ತು. ಇನ್ನೊಬ್ಬರು ಓಡಿಸುವ ಗಾಡಿಯಲ್ಲಿ ಅವರು ಕಣ್ಣು ಮುಚ್ಚಿದ್ದನ್ನು ರಹಿಮತ್‌ಬಿ ನೋಡಿದ್ದು ಅದೇ ಮೊದಲು.

"ಹಾರ್ನ್ ಹೊಡೀಬೇಡೇ" ಎಂದು ಹಿಂದಿನ ಸೀಟಿನಿಂದ ಪಿಸುಗುಟ್ಟಿದಳು. "ಮಲ್ಕಂಡಾರೆ."