ಎಡಕ್ಕೆ ವಾಲುತ್ತಿದ್ದ ಅಣ್ಣನ ವಿಮಾನ

ನನ್ನ ಅಣ್ಣ ಉಮಾನಾಥ ಹುಟ್ಟಿದ್ದು ಬೈಂದೂರಿನ ಪಡುವರಿಯಲ್ಲಿ, ಸಮುದ್ರದ ಸದ್ದು ಕಡಿಮೆಯಾದರೆ ನಿದ್ದೆ ಕೆಡುವಷ್ಟು ಹತ್ತಿರದ ಮನೆಯಲ್ಲಿ. ನಮ್ಮದು ಗದ್ದೆ ಬೇಸಾಯದ ಮನೆ. ಹದಿನೆಂಟಕ್ಕೆ ಅವನು ನಮ್ಮ ಕಡೆಯ ಎಲ್ಲರಂತೆ ಹೋಟೆಲು ಕೆಲಸಕ್ಕೆಂದು ಬೊಂಬಾಯಿಗೆ ಹೋದ. ಆ ಹೋಟೆಲಿನಿಂದ ದಿನಾ ಬೆಳಿಗ್ಗೆ ಒಂದು ವಿಮಾನ ಕ್ಲಬ್ಬಿನ ಶೆಡ್ಡಿಗೆ ಚಹಾ ಕೊಡಲು ಹೋಗಬೇಕಿತ್ತು. ಒಂದು ದಿನ ಹೋದವನು ಅಲ್ಲೇ ನಿಂತುಬಿಟ್ಟ. ಹನ್ನೆರಡು ವರ್ಷದಲ್ಲಿ ಮೆಕ್ಯಾನಿಕ್ ಆದ, ಹಾರಿಸುವುದನ್ನೂ ಕಲಿತ. ಮದುವೆಯ ಮಾತೆತ್ತಿದರೆ ಮಾತ್ರ ಕಾಗದಕ್ಕೆ ಉತ್ತರ ಬರುತ್ತಿರಲಿಲ್ಲ.

ಸಾವಿರದ ಒಂಬೈನೂರ ಅರವತ್ತಮೂರರಲ್ಲಿ ನಾನು ಬಾಣಂತನಕ್ಕೆ ಕೊಕ್ಕರ್ಣೆಯಿಂದ ತವರಿಗೆ ಬಂದಾಗ ಅಣ್ಣ ಆರು ತಿಂಗಳ ರಜೆಯ ಮೇಲೆ ಮನೆಯಲ್ಲಿದ್ದ. ಕ್ಲಬ್ಬಿನವರು ಮೂಲೆಗೆ ಹಾಕಿದ್ದ ಎಂಜಿನ್ನೊಂದು ಹಂಚು ಸಾಗಿಸುವ ಮಚ್ವೆ ಹಡಗಿನಲ್ಲಿ ಗಂಗೊಳ್ಳಿಗೆ ಬಂದು ಇಳಿದಿತ್ತು. ಅಂಗಳದ ಆಚೆ ತೆಂಗಿನ ಮಡಲಿನ ಚಪ್ಪರದಡಿ ಅಣ್ಣನೂ ದೋಣಿ ಕಟ್ಟುವ ಬಚ್ಚನೂ ಸೇರಿ ಒಬ್ಬರೇ ಕೂರುವಂಥ ವಿಮಾನ ಕಟ್ಟುತ್ತಿದ್ದರು. ನಾನು ಮಗು ಸರಸಳಿಗೆ ಹಾಲು ಕೊಡುತ್ತ ಕಿಟಕಿಯಿಂದ ನೋಡುತ್ತಿದ್ದೆ. ಮಧ್ಯಾಹ್ನದ ಬಿಸಿಲಿನಲ್ಲಿ ಬರೀ ಮರದ ಎಲುಬುಗಳ ಆ ರೆಕ್ಕೆ ನೆಲದ ಮೇಲೆ ತನ್ನ ನೆರಳನ್ನು ಚೆಲ್ಲಿಕೊಂಡು ಮಲಗಿರುತ್ತಿತ್ತು. ಮಗು, ನಾನು, ವಿಮಾನ, ಮೂವರಿಗೂ ಒಟ್ಟಿಗೆ ತೂಕಡಿಕೆ ಬಂದಂತೆ ಕಾಣುತ್ತಿತ್ತು.

"ದೋಣಿಯೋ ಹಕ್ಕಿಯೋ ಅದು?" ಎಂದು ಅಮ್ಮ ದಿನಕ್ಕೊಮ್ಮೆ ಕೇಳುವಳು.

"ಹಾರ್ದೇ ಇದ್ರೆ ಮೀನಿಗೆ ಹೋಪುಕಾತ್ತಲೆ, ಅಮ್ಮ" ಎನ್ನುವನು ಅಣ್ಣ, ದೋಣಿಯಾದರೂ ಆದೀತು ಎಂಬಂತೆ.

ನಾನು ದಿನಕ್ಕೊಂದು ಪುಟ ಡೈರಿ ಬರೆಯುವವಳು. ಮಗು ಎಷ್ಟು ಸಲ ಹಾಲು ಕುಡಿಯಿತು, ಯಾವಾಗ ಮೈ ಬಿಸಿಯಾಯಿತು ಎಂದೆಲ್ಲ ಬರೆಯುವುದನ್ನು ಕಂಡು ಅಣ್ಣ, "ನನ್ ಮಗೀದೂ ಬರಿ ಮಾರಾಯ್ತಿ" ಎಂದ. ಹಾಗೆ ವಿಮಾನವೂ ನನ್ನ ಡೈರಿ ಸೇರಿತು. ಬಟ್ಟೆಯನ್ನು ರೆಕ್ಕೆಗೆ ಸೇರಿಸಿ ಹೊಲಿದದ್ದೂ ನಾನೇ, ಎರಡೆರಡು ಬೆರಳಿಗೊಂದು ಗಂಟು ಹಾಕಿ.

ಏಪ್ರಿಲ್ ಕೊನೆಗೆ ವಿಮಾನ ಸಮುದ್ರದ ಬದಿಗೆ ಹೋಯಿತು. ನೀರಿಳಿತದ ಹೊತ್ತಿಗೆ ಅಲ್ಲಿಯ ಮರಳು ಸಗಣಿ ಸಾರಿಸಿದ ಅಂಗಳದಂತೆ ಗಟ್ಟಿ. ಬೆಳಗಿನ ಇಳಿತ ಯಾವ ದಿನ ಯಾವ ಹೊತ್ತಿಗೆಂದು ಬಚ್ಚ ಬೆರಳಲ್ಲೇ ಲೆಕ್ಕ ಹಾಕಿ ಹೇಳುತ್ತಿದ್ದ. ಮೊದಲ ದಿನ ಅಣ್ಣ ಬರೀ ಓಡಿಸಿದ. ಮೂರನೆಯ ದಿನ ಮಂಜು ಇನ್ನೂ ನೀರಿನ ಮೇಲೆ ಇರುವಾಗಲೇ ಗಾಲಿಗಳು ನೆಲ ಬಿಟ್ಟವು. ಸದ್ದು ಮಂಜಿನೊಳಗೆ ಹೋಗಿ, ಸ್ವಲ್ಪ ಹೊತ್ತು ಎಲ್ಲಿಯೂ ಇಲ್ಲದೆ, ಶಿರೂರಿನ ಕಡೆಯಿಂದ ತಿರುಗಿ ಬಂತು. ಅಮ್ಮ ಕಣ್ಣು ಮುಚ್ಚಿ ನಿಂತಿದ್ದಳು.

"ಬಂದ್ನಾ?"

"ಬಂದ."

"ಕಾಲ್ ಎರಡೂ ಇತ್ತಾ ಕಾಣ್ ಹೆಣೆ."

ಕಾಲು ಇತ್ತು, ಮುಖದಲ್ಲಿ ನಗು ಇರಲಿಲ್ಲ. ವಿಮಾನ ಎಡಕ್ಕೆ ವಾಲುತ್ತಿತ್ತು. ಕೈಯಲ್ಲಿರುವ ಚಾಲನೆಯ ಕೋಲನ್ನು ಬಲಕ್ಕೆ ಒತ್ತಿಹಿಡಿದಷ್ಟು ಹೊತ್ತು ಸರಿ. ಬಿಟ್ಟರೆ ಎಡರೆಕ್ಕೆ ಕೆಳಗೆ. ಅದಕ್ಕೆ ಮದ್ದಾಗಿ ಅಣ್ಣ ಬಿಸ್ಕತ್ತಿನ ಡಬ್ಬಿ ಕತ್ತರಿಸಿ ಬೆರಳಗಲದ ತಗಡನ್ನು ಎಡರೆಕ್ಕೆಯ ಹಿಂದಿನ ಅಂಚಿಗೆ ಹೊಡೆದ. ತಗಡನ್ನು ಸ್ವಲ್ಪ ಬಗ್ಗಿಸಿದರೆ ಗಾಳಿ ಅದನ್ನು ಒತ್ತಿ ಆ ರೆಕ್ಕೆಯನ್ನು ಎತ್ತುತ್ತದಂತೆ. ಮೇ ಮೊದಲ ಎರಡು ವಾರದ ನನ್ನ ಡೈರಿಯ ತುಂಬ ಅದೇ: ತಗಡು ಇಷ್ಟು ಬಗ್ಗಿಸಿದ್ದಾಯಿತು, ಇನ್ನೂ ವಾಲುತ್ತದೆ. ಸರಸ ಮಗ್ಗುಲು ಮಗುಚಿದಳು. ತಗಡು ಇನ್ನೂ ಒಂದು ನೂಲೆಳೆಯಷ್ಟು.

ಕೊನೆಗೆ ಅದು ಜೋರಾಗಿ ಹೋಗುವಾಗ ನೇರ ಹಾರಿತು. ಇಳಿಯಲೆಂದು ನಿಧಾನ ಮಾಡಿದ ಕೂಡಲೇ ಎಡರೆಕ್ಕೆ ಧೊಪ್ಪೆಂದು ತಗ್ಗಿ ಮರಳನ್ನು ಮುಟ್ಟುವುದರಲ್ಲಿತ್ತು. ಅಣ್ಣ ಇಳಿದವನು ಗಾಲಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಜೂನ್ ಮೂರಕ್ಕೆ ಅವನ ರಜೆ ಮುಗಿಯುತ್ತಿತ್ತು. ಮಳೆ ಹಿಡಿದರೆ ಈ ಅಂಟೂ ಬಟ್ಟೆಯೂ ಚಪ್ಪರದಡಿ ಉಳಿಯುವಂಥದ್ದಲ್ಲ. ಬರುವ ವರ್ಷಕ್ಕೆ ವಿಮಾನ ಇರುವುದಿಲ್ಲ. ಹನ್ನೆರಡು ವರ್ಷ ಬೇರೆಯವರ ವಿಮಾನ ಒರೆಸಿದವನಿಗೆ ತನ್ನದೊಂದು ನೇರ ಹಾರುವುದನ್ನು ನೋಡಲು ಹದಿನೈದು ದಿನ ಉಳಿದಿತ್ತು.

ಆ ದಿನ ನಾನು ಮಗುವನ್ನು ಎಡಸೊಂಟಕ್ಕೆ ಹಾಕಿಕೊಂಡು ಅವನಿಗೆ ಗಂಜಿ ಬಡಿಸುತ್ತಿದ್ದೆ. ಸೊಂಟದಲ್ಲಿ ಭಾರ ಇದ್ದರೆ ನಾನು ಎಷ್ಟು ಬಲಕ್ಕೆ ಬಾಗಿ ನಡೆದರೂ, ನಿಂತ ಕೂಡಲೇ ಎಡಕ್ಕೇ ಜಗ್ಗುತ್ತದೆ.

"ಅಣ್ಣ, ಅದ್ರ ಎಡ್ಬದಿಗೆ ಭಾರ ಇತ್ತ್. ತಗಡಿನ ಕತೆ ಅಲ್ಲ ಅದ್."

"ನಂಗೂ ಹಾಂಗೇ ಕಾಣತ್ತ್. ಆದ್ರೆ ಎರಡೂ ರೆಕ್ಕಿ ತೂಗಿದ್ದೆ ನಾನೇ. ನೀನೇ ಬರ್ದಿದ್ದೆ, ಕಾಣ್."

ಡೈರಿ ತೆರೆದೆ. ಮಾರ್ಚ್ ಹದಿನೆಂಟು: ಕೊಬ್ಬರಿ ತೂಗುವ ತಕ್ಕಡಿಯಲ್ಲಿ ರೆಕ್ಕೆ ತೂಗಿದ್ದಾಯಿತು, ಎರಡೂ ಸಮ. ಇಪ್ಪತ್ತೊಂದು: ಬಟ್ಟೆ ಹೊಲಿಯಲು ಶುರು. ನಡುವಿನ ಎರಡು ದಿನ ಅಣ್ಣ ನೂಲು ತರಲು ಕುಂದಾಪುರಕ್ಕೆ ಹೋಗಿದ್ದ. ಚಪ್ಪರದಡಿ ಇದ್ದವನು ಬಚ್ಚ ಒಬ್ಬನೇ.

ಬಚ್ಚ ತೆಂಗಿನ ಬುಡದಲ್ಲಿ ಕೂತು ಉಳಿ ಮಸೆಯುತ್ತಿದ್ದ.

"ಬಚ್ಚ, ಅಣ್ಣ ಕುಂದಾಪುರಕ್ಕೆ ಹೋದಾಗ ನೀನ್ ರೆಕ್ಕಿಗೆ ಎಂತ ಮಾಡ್ದೆ?"

"ಎಂತದೂ ಇಲ್ಯೆ, ಗಿರಿಜಮ್ಮ."

"ಬಚ್ಚ..."

"ಒಂಚೂರ್ ಎಣ್ಣಿ ಕುಡ್ಸ್ದೆ."

"ಒಂಚೂರ್ ಅಂದ್ರೆ?"

"ಒಂದ್ ಡಬ್ಬಿ."

ಮೀನೆಣ್ಣೆ. ನಮ್ಮ ಕಡಲ ಬದಿಯಲ್ಲಿ ಹೊಸ ದೋಣಿಗೆ ಮೀನೆಣ್ಣೆ ಬಳಿಯದೆ ನೀರಿಗಿಳಿಸುವವರಿಲ್ಲ. ಮರ ಹಸಿದಿದ್ದರೆ ಉಪ್ಪುನೀರು ಕುಡಿಯುತ್ತದೆ, ಅದಕ್ಕೆ ಮೊದಲೇ ಹೊಟ್ಟೆ ತುಂಬಿಸಬೇಕು. ಅದನ್ನು ಕಟ್ಟಿದವನೇ ತನ್ನ ಅಂಗೈಯಲ್ಲಿ ಉಜ್ಜಬೇಕು. ಅದರ ವಾಸನೆ ಇಲ್ಲಿ ಯಾರ ಮೂಗಿಗೂ ಹೊಸತಲ್ಲ, ಹಾಗಾಗಿ ಬಟ್ಟೆ ಹೊಲಿಯುವಾಗ ನನಗೂ ತಿಳಿಯಲಿಲ್ಲ.

"ಬಲ್ದ್ ರೆಕ್ಕಿಗೆ?"

"ಎಣ್ಣಿ ಸಾಕಾಯ್ಲ" ಎಂದ ಬಚ್ಚ, ಉಳಿಯ ಬಾಯನ್ನೇ ನೋಡುತ್ತ. "ಮರ್ದಿನ ತರ್ವ ಅಂದ್ಕಂಡೆ. ಅಯ್ಯ ಬಂದ್ಬಿಟ್ರ್. ಎಂತಕ್ಕೂ ಕೈ ಹಾಕ್ಬೇಡ ಅಂದಿದ್ರಲೆ, ಹೇಳುಕೆ ಬಾಯೇ ಬರ್ಲಿಲ್ಲ."

ಅಣ್ಣನಿಗೆ ಹೇಳಿದಾಗ ಅವನು ಕೂಗಾಡಲಿಲ್ಲ. ಎದ್ದು ಸಮುದ್ರದ ಕಡೆ ನಡೆದುಹೋದ. ಬಟ್ಟೆ ಬಿಚ್ಚಿ, ಮರ ಒರೆಸಿ, ಮತ್ತೆ ಹೊಲಿದು, ಮತ್ತೆ ಬಣ್ಣ ಒಣಗಿಸಲು ಮೂರು ವಾರ ಬೇಕು. ಪಡುವಣದಲ್ಲಿ ಆಗಲೇ ಮೋಡ ಕೂಡಿತ್ತು. ನಾನು ಮಗುವಿಗೆ ಜೋಲಿ ತೂಗುತ್ತ ಕೂತೆ. ಆ ಸಂಜೆ ತೂಗಿದ್ದೇ ತೂಗಿದ್ದು, ಮಗು ಮಲಗಿ ಎಷ್ಟೋ ಹೊತ್ತಾದರೂ.

ಬೆಳಿಗ್ಗೆ ಬಚ್ಚ ತನ್ನ ಬೀಸುಬಲೆ ಹೆಗಲ ಮೇಲೆ ಹಾಕಿಕೊಂಡು ಬಂದ. ಅಂಗಳದಲ್ಲಿ ಕೂತು, ಬಲೆಯ ಅಂಚಿಗೆ ಕಟ್ಟಿದ ಸೀಸದ ಮಣಿಗಳನ್ನು ಚೂರಿಯಲ್ಲಿ ಒಂದೊಂದಾಗಿ ಕತ್ತರಿಸತೊಡಗಿದ. ಆ ಮಣಿಗಳ ಭಾರದಿಂದಲೇ ಬಲೆ ನೀರಲ್ಲಿ ಮುಳುಗುವುದು.

ಅಣ್ಣ ಮೆಟ್ಟಿಲ ಮೇಲೆ ನಿಂತು ನೋಡಿದ. "ಎಂತ ಮಾಡ್ತಿದ್ದೆ ಮಾರಾಯ? ಬಲಿ ಹಾಳ್ ಮಾಡ್ತಿಯಲ್ದಾ!"

"ಎಡಕ್ಕೆ ನಾನ್ ಭಾರ ಹಾಕ್ದೆ. ಬಲಕ್ಕೂ ನಾನೇ ಹಾಕ್ತೆ."

"ಮಳಿಗಾಲಕ್ಕೆ ಮೀನ್?"

"ನಿಮ್ಮನಿ ಗಂಜಿಗೆ ಬತ್ತೆ."

ಅಣ್ಣನಿಗೆ ನಗು ಬಂದುಬಿಟ್ಟಿತು.

ದೋಣಿ ದೂಡುವ ಉರುಳುಮರವೊಂದನ್ನು ಗೋಣಿ ಸುತ್ತಿ ವಿಮಾನದ ಹೊಟ್ಟೆಯಡಿ ಉದ್ದಕ್ಕೆ ಇಟ್ಟರು. ಇಡೀ ವಿಮಾನವೇ ತಕ್ಕಡಿಯಾಯಿತು. ಎಡರೆಕ್ಕೆ ನೆಲ ಹಿಡಿದು ಕೂತಿತು. ನಾನು ಹೊಲಿದ ಬಟ್ಟೆಯ ಚೀಲವನ್ನು ಬಲರೆಕ್ಕೆಯ ತುದಿಗೆ ಕಟ್ಟಿ, ಬಚ್ಚ ಒಂದೊಂದೇ ಮಣಿ ಹಾಕಿದ. ಮೂವತ್ತಕ್ಕೆ ಎಡರೆಕ್ಕೆ ಅಲುಗಿತು. ನಲವತ್ತೆರಡಕ್ಕೆ ಎರಡೂ ರೆಕ್ಕೆ ನೆಲ ಬಿಟ್ಟು, ಉಸಿರು ಬಿಗಿಹಿಡಿದವರ ಹಾಗೆ ನಿಂತವು. ಅಣ್ಣ ತಗಡನ್ನು ಹೆಬ್ಬೆರಳಿನಿಂದ ಒತ್ತಿ ಮೊದಲಿನಂತೆ ಸಪಾಟು ಮಾಡಿದ. ಮಣಿಗಳ ಚೀಲವನ್ನು ರೆಕ್ಕೆಯ ಒಳಗೆ ಇಟ್ಟು ನಾನು ಹೊಲಿದೆ.

ಮೇ ಇಪ್ಪತ್ತೊಂಬತ್ತು, ಬಚ್ಚ ಎಣಿಸಿ ಹೇಳಿದ ದಿನ. ಬೆಳಗಿನ ಇಳಿತ. ಆಕಾಶ, ನೀರು, ಮರಳು ಎಲ್ಲ ಒಂದೇ ಬೂದಿ ಬಣ್ಣ. ಎಲ್ಲಿಂದ ಯಾವುದು ಶುರುವೆಂದು ಗೊತ್ತಾಗುತ್ತಿರಲಿಲ್ಲ. ವಿಮಾನ ಓಡಿ, ಎದ್ದು, ಆ ಬೂದಿಯೊಳಗೆ ಹೋಯಿತು. ಸರಸ ನನ್ನ ಹೆಗಲ ಮೇಲೆ ಕಣ್ಣು ಬಿಟ್ಟುಕೊಂಡು ಸುಮ್ಮನಿದ್ದಳು. ಅಮ್ಮ ಈ ಸಲ ಕಣ್ಣು ಮುಚ್ಚಲಿಲ್ಲ. ಬಚ್ಚ ಬೆನ್ನು ತಿರುಗಿಸಿ ನಿಂತಿದ್ದ.

ಅದು ತಿರುಗಿ ಬಂತು. ತೆಂಗಿನ ತಲೆಯ ಎತ್ತರದಲ್ಲಿ, ನಮ್ಮ ಎದುರಿಗೇ ಅಣ್ಣ ಎಂಜಿನ್ನಿನ ಸದ್ದು ಇಳಿಸಿದ. ಅದು ನಿಧಾನವಾಯಿತು. ಇನ್ನೂ ನಿಧಾನ. ಎಡರೆಕ್ಕೆ ತಗ್ಗುತ್ತಿದ್ದದ್ದು ಇದೇ ಹೊತ್ತಿಗೆ. ಆಗ ಅಣ್ಣ ಎರಡೂ ಕೈಯನ್ನು ಮೇಲೆತ್ತಿದ, ಬೆರಳು ಬಿಡಿಸಿಕೊಂಡು.

ರೆಕ್ಕೆಗಳು ಅಲುಗಲಿಲ್ಲ. ಹಿಡಿದವರೇ ಇಲ್ಲದೆ ಅದು ತನ್ನಷ್ಟಕ್ಕೆ ನಮ್ಮನ್ನು ದಾಟಿಹೋಯಿತು.

"ಹ್ವಾಯ್ ಬಚ್ಚ! ತಿರ್ಗ್, ಕಾಣ್ ಮಾರಾಯ!" ಎಂದು ಅಮ್ಮ ಕೂಗಿದಳು. ಬಚ್ಚ ತಿರುಗಿದವನು ತನ್ನ ಕೈಯನ್ನೂ ಮೇಲೆತ್ತಿದ. ಮತ್ತೆ ಅವನಿಗೆ ಕೆಳಗಿಳಿಸಲು ನೆನಪಾಗಲಿಲ್ಲ.

ಗಾಲಿಗಳು ಮರಳು ಮುಟ್ಟಿದವು, ಎರಡೂ ಒಟ್ಟಿಗೆ. ಅಣ್ಣ ಇಳಿದು ಬರುತ್ತಾನೆಂದು ನಾವು ನಡೆದೆವು. ಅವನು ಇಳಿಯಲಿಲ್ಲ. ಕೂತಲ್ಲಿಂದಲೇ, "ಭರ್ತ ಬಪ್ಪುಕೆ ಇನ್ನೂ ಹೊತ್ತಿತ್ತಾ, ಬಚ್ಚ?" ಎಂದು ಕೇಳಿದ, ಇಳಿದ ನೀರು ಏರಿ ಬರುವ ಕಡೆ ನೋಡುತ್ತ.

"ಒಂದ್ ಗಳಿಗಿ ಇತ್ತ್, ಅಯ್ಯ."

ವಿಮಾನ ಮತ್ತೆ ಮೇಲೆದ್ದಿತು. ಸರಸಳಿಗೆ ಎಣ್ಣೆಸ್ನಾನದ ಹೊತ್ತಾಗಿತ್ತು, ನಾನು ಮನೆಗೆ ಬಂದೆ. ಬಚ್ಚಲಲ್ಲಿ ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿ ಬಿಸಿನೀರು ಹೊಯ್ಯುವಾಗ, ಹೊಗೆಯ ಮೇಲೆ, ಹಂಚಿನ ಮೇಲೆ ಆ ಸದ್ದು ಹೋಗುತ್ತ ಬರುತ್ತ ಇತ್ತು. ಮಗು ಅತ್ತ ಇತ್ತ ನೋಡಿತು. ಅಳಲಿಲ್ಲ.