ಫ್ರೇಮ್ ಬೇಡ ಎಂದ ದಿನಗಳು

ಹೊಸ ರಬ್ಬರ್ ಗ್ಲೌಸಿನ ವಾಸನೆ ನಿಮಗೆ ಏನನ್ನು ನೆನಪಿಸುತ್ತದೋ ಕಾಣೆ. ನನಗೆ ಪೋಲೆಂಡ್ ನೆನಪಾಗುತ್ತದೆ. ಈ ಮಧ್ಯಾಹ್ನ ನಗೋಯಾದ ಒಂದು ಕಾರ್ಖಾನೆಯಲ್ಲಿ, ಹೊಸ ಕೆಲಸಗಾರರು ಗ್ಲೌಸು ಹಾಕಿಕೊಳ್ಳುವುದು ಹೇಗೆಂಬ ಚಿತ್ರ ತೆಗೆಯುತ್ತಿದ್ದೆ. ಹೌದು, ನಾನು ಸಿನಿಮಾ ನಿರ್ದೇಶಕ. ನೀವು ನಗಬೇಡಿ, ಆ ಕೆಲಸವನ್ನು ನನ್ನ ಹೆಂಡತಿ ವಹಿಸಿಕೊಂಡಿದ್ದಾಳೆ. ದೂರದ ನೋಮಿ ಎಂಬ ಊರಿನಲ್ಲಿ ಸಂಶೋಧನೆ ಮಾಡುವ ಅವಳು ಬೆಳಿಗ್ಗೆ ಫೋನಿನಲ್ಲಿ, "ಇವತ್ತೂ ಗ್ಲೌಸ್ ಪಿಕ್ಚರ್ರಾ? ಹೀರೋ ಡೇಟ್ಸ್ ಕೊಟ್ನಾ?" ಎಂದಳು. ಅವಳು ಮನೆಗೆ ಬರುವುದು ಶನಿವಾರ ಮಾತ್ರ.

ಹಳೆಯ ಕ್ಯಾಮೆರಾಗಳಲ್ಲಿ ಕಣ್ಣಿಡುವ ಜಾಗಕ್ಕೆ ರಬ್ಬರಿನ ಬಳೆ ಇರುತ್ತಿತ್ತು, ಅದಕ್ಕೂ ಇದೇ ವಾಸನೆ. ಪೋಲೆಂಡಿನಲ್ಲಿ ನಾನು ಓದಿದ ಫಿಲ್ಮ್ ಶಾಲೆಯಲ್ಲಿ ನಿರ್ದೇಶನದವರು ಕ್ಯಾಮೆರಾ ನಡೆಸುವಂತಿರಲಿಲ್ಲ. ಅದು ಛಾಯಾಗ್ರಹಣದ ಜೊತೆಗಾರನ ಪಾಲು. ನನ್ನ ಜೊತೆಗಾರ ಮಾರೆಕ್. ಅವನು ಫ್ರೇಮ್ ಹೊಂದಿಸಿ ಪಕ್ಕಕ್ಕೆ ಸರಿಯುತ್ತಿದ್ದ. ನಾನು ಬಗ್ಗಿ ನೋಡಿ, ಸರಿಯೋ ಬೇಡವೋ ಹೇಳಬೇಕು. ಮೊದಲ ಚಳಿಗಾಲದಲ್ಲಿ ನನಗೆ ಪೋಲಿಷ್ ಬರುತ್ತಿರಲಿಲ್ಲ. ಹಾಸ್ಟೆಲಿನ ಅಡುಗೆಮನೆಯಲ್ಲಿ ಎಲ್ಲರೂ ನಗುವಾಗ ಅನ್ನದ ಪಾತ್ರೆ ನೋಡುತ್ತ ನಿಲ್ಲುತ್ತಿದ್ದೆ. ಇಡೀ ದಿನದಲ್ಲಿ ಒಬ್ಬ ಮನುಷ್ಯ ನನ್ನ ಉತ್ತರಕ್ಕೆ ಕಾಯುತ್ತಿದ್ದುದು ಆ ಕ್ಯಾಮೆರಾದ ಪಕ್ಕದಲ್ಲಿ ಮಾತ್ರ. ಹಾಗಾಗಿ ಚೆನ್ನಾಗಿದ್ದ ಫ್ರೇಮನ್ನೂ ಬೇಡ ಎನ್ನತೊಡಗಿದೆ. ಅವನು ಮತ್ತೆ ಹೊಂದಿಸಿ, ಮತ್ತೆ ಸರಿಯುತ್ತಿದ್ದ. ನನ್ನ ಕಣ್ಣು ಬಲು ಸೂಕ್ಷ್ಮವೆಂದು ಮೇಷ್ಟ್ರು ಹೊಗಳಿದ್ದೂ ಉಂಟು.

ಒಂದು ಸಂಜೆ ಟ್ರಾಮ್ ನಿಲ್ದಾಣದಲ್ಲಿ ಹಿಮ ಗುಡಿಸುವ ಹೆಂಗಸನ್ನು ಚಿತ್ರಿಸುತ್ತಿದ್ದೆವು. ಬೆಳಕು ಹೋಗುತ್ತಿತ್ತು. ನಾನು ಮತ್ತೆ ಬೇಡ ಎಂದೆ. ಮಾರೆಕ್ ಮುರುಕು ಇಂಗ್ಲಿಷಿನಲ್ಲಿ, "ಫ್ರೇಮ್ ಸರಿಯಾಗೇ ಇದೆ. ಜೊತೆ ಬೇಕಿದ್ರೆ ಹೇಳು, ಚಹಾ ಕುಡಿಯೋಣ" ಎಂದ. ನಾಚಿಕೆಯಾಯಿತು, ಕಣ್ಣೂ ತುಂಬಿತು. ತಪ್ಪನ್ನು ಚಳಿಯ ಮೇಲೆ ಹಾಕಿ ಮುಖ ಒರೆಸಿಕೊಂಡೆ.

ಓದು ಮುಗಿದ ಮೇಲೂ ಅಲ್ಲೇ ಉಳಿದು ಇಬ್ಬರೂ ಎರಡು ಸಾಕ್ಷ್ಯಚಿತ್ರ ಮಾಡಿದೆವು. ಕೋಟು ಬಿಚ್ಚದೆ ಕೂತ ಕೆಲವರು ನೋಡಿದರು. ಮೂರನೆಯದಕ್ಕೆ ಹಣ ಹಾಕುವವರು ಸಿಗಲಿಲ್ಲ. ಅವನು ಜಾಹೀರಾತಿಗೆ ಹೋದ, ನಾನು ಹೆಂಡತಿಯ ಹಿಂದೆ ಜಪಾನಿಗೆ ಬಂದೆ. ಇಲ್ಲಿ ಕ್ಯಾಮೆರಾ, ಫ್ರೇಮು, ಒಪ್ಪಿಗೆ ಎಲ್ಲವೂ ನನ್ನದೇ. ಸುಳ್ಳೇಕೆ ಹೇಳಲಿ, ಬಹಳ ಒಂಟಿ ಅನಿಸುತ್ತದೆ.

ಇವತ್ತು ಗ್ಲೌಸು ಹಾಕಿ ತೋರಿಸುತ್ತಿದ್ದವರು ಕಾರ್ಖಾನೆಯ ಸುರಕ್ಷತಾ ವಿಭಾಗದ ಮೋರಿ ಸಾನ್. ಸಂಸಾರವನ್ನು ಫುಕುವೋಕಾದಲ್ಲಿ ಬಿಟ್ಟು ವರ್ಗವಾಗಿ ಬಂದವರು. ಮೊದಲ ಸಲವೇ ಅಚ್ಚುಕಟ್ಟಾಗಿ ಬಂತು. "ಸುಮಿಮಾಸೆನ್, ಇನ್ನೊಂದು ಸಲ?" ಎಂದು ಕ್ಷಮೆ ಬೇಡುವಂತೆ ಕೇಳಿದರು. ತೆಗೆದೆ. ಅದೂ ಚೆನ್ನಾಗಿತ್ತು. ಗ್ಲೌಸು ಕಳಚುತ್ತ, ನನ್ನ ಮುಖ ನೋಡದೆ, ಮತ್ತೆ ಅದನ್ನೇ ಕೇಳಿದರು. ನಿನ್ನೆಯಾಗಿದ್ದರೆ ಗಡಿಯಾರ ತೋರಿಸುತ್ತಿದ್ದೆ. ಇವತ್ತು ಮಾರೆಕ್ ಕರೆದ ಚಹಾ ನೆನಪಾಯಿತು.

"ಹೆಬ್ಬೆರಳು ಸ್ವಲ್ಪ ಸರಿಯಾಗ್ಲಿಲ್ಲ, ಮೋರಿ ಸಾನ್. ನಿಧಾನಕ್ಕೆ ತೆಗೆಯೋಣ, ಮೊದಲು ಕೂತ್ಕೊಳ್ಳಿ" ಎಂದು ಸುಳ್ಳು ಹೇಳಿ ಕುರ್ಚಿ ಎಳೆದೆ. ಅವರು ಬಹಳ ಹೊತ್ತು ಮಗಳ ವಿಷಯ ಮಾತಾಡಿದರು. ಅವರ ಜಪಾನಿಯಲ್ಲಿ ಅರ್ಧ ನನಗೆ ತಿಳಿಯಲಿಲ್ಲ. ಆದರೂ ನಡುವೆ ಬಾಯಿ ಹಾಕಲಿಲ್ಲ.