ಗಂಡನ ರಕ್ತದ ಪರೀಕ್ಷೆ

ನನ್ನ ಗಂಡ ಕಾಡುಹಂದಿಗೆ ಹೆದರಿದವರಲ್ಲ, ಸೂಜಿ ಕಂಡರೆ ಮಾತ್ರ ಬೆವರುತ್ತಿದ್ದರು. ಎಂಬತ್ತರ ದಶಕದ ಆರಂಭ. ಮಂಡಗದ್ದೆ ಕಡೆಯ ನಮ್ಮೂರಿನಿಂದ ತೀರ್ಥಹಳ್ಳಿಗೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗಬೇಕಿದ್ದ ಕಾಲ. ಅದನ್ನೆಲ್ಲ ನೆನೆದರೆ ಈಗ ಹಿತವಾಗುತ್ತದೆ. ಆಗ ಮಾತ್ರ ಜೀವ ಕೈಯಲ್ಲಿ ಹಿಡಿದುಕೊಂಡು ಓಡಾಡುತ್ತಿದ್ದೆ.

ನಾನು ಮೂರನೆಯ ಬಾರಿ ಬಸುರಿ. ಮೊದಲನೆಯವನು ತವರಿನಲ್ಲಿ ಸೂಲಗಿತ್ತಿಯ ಕೈಯಲ್ಲಿ ಹುಟ್ಟಿ ಗಟ್ಟಿಮುಟ್ಟಾಗಿದ್ದ. ಎರಡನೆಯ ಕೂಸು ಹುಟ್ಟಿದ ಮಾರನೆಯ ದಿನವೇ ಅರಿಶಿನದ ಬಣ್ಣಕ್ಕೆ ತಿರುಗಿ ತೀರಿಹೋಯಿತು. ಬಸುರಿನಲ್ಲಿ ನಾನು ಹಲಸಿನ ಹಣ್ಣು ತಿಂದದ್ದೇ ಕಾರಣವೆಂದು ಅತ್ತೆ ತೀರ್ಪು ಕೊಟ್ಟರು. ಅವರು ಕೆಟ್ಟವರಲ್ಲ, ಯಾರನ್ನಾದರೂ ಬೈಯದೆ ಅವರ ದುಃಖ ಇಳಿಯುತ್ತಿರಲಿಲ್ಲ.

ತೀರ್ಥಹಳ್ಳಿಯ ಲೇಡಿ ಡಾಕ್ಟರು ಈ ಸಲ ನನ್ನ ರಕ್ತ ಪರೀಕ್ಷೆ ಮಾಡಿಸಿದರು. "ನಿನ್ನ ರಕ್ತದ ಗುಂಪು ನೆಗೆಟಿವ್ ಕಣಮ್ಮ. ಗಂಡಂದೂ ನೆಗೆಟಿವ್ ಆದ್ರೆ ಚಿಂತೆ ಇಲ್ಲ. ಪಾಸಿಟಿವ್ ಆದ್ರೆ ಮೊದಲನೇ ಕೂಸು ಪಾರಾಗ್ತದೆ, ಆಮೇಲಿನವಕ್ಕೆ ನಿನ್ನ ರಕ್ತವೇ ಕುತ್ತು. ಇದಕ್ಕೂ ಹಿಂದಿನ ಕೂಸಿನ ಥರಾನೇ ಆಗ್ಬಹುದು, ತಿಂಗಳು ತಿಂಗಳು ನಿನ್ನ ರಕ್ತ ನೋಡ್ಬೇಕು. ಅವರನ್ನ ಕಳಿಸು" ಎಂದರು.

ಸಂತೆಯ ದಿನ ಗಂಡ ತಮ್ಮನನ್ನು ಕರೆದುಕೊಂಡು ಹೋಗಿಬಂದರು. ಮುಂದಿನ ವಾರ ನಾನು ಹೋದಾಗ ಡಾಕ್ಟರು ಗಂಡನದೂ ನೆಗೆಟಿವ್ ಎಂದರು. ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಒಬ್ಬಳೇ ಕೂತು ಮಸಾಲೆ ದೋಸೆ ತಿಂದೆ. ಅಂಥ ರುಚಿಯ ದೋಸೆ ಆಮೇಲೆ ಎಲ್ಲೂ ಸಿಕ್ಕಿಲ್ಲ.

ಅಂದು ರಾತ್ರಿ ಊಟದ ಹೊತ್ತಿಗೆ ಅತ್ತೆ ಶುರುಮಾಡಿದರು. "ನಾ ಹೇಳಿದ್ದಲ್ವಾ? ರಕ್ತದಾಗೆ ಎಂತದೂ ಇಲ್ಲ. ಎಲ್ಲಾ ಆ ಹಲಸಿನ ಹಣ್ಣಿಂದು."

ನಾನು ತಲೆ ತಗ್ಗಿಸಿದೆ. ಗಂಡ ಕಲಸಿದ ಅನ್ನ ಬಿಟ್ಟು ಎದ್ದರು. ಹಿತ್ತಲಲ್ಲಿ ನಾನು ಕೈಗೆ ನೀರು ಹಾಕುವಾಗ ಬಾಯಿಬಿಟ್ಟರು.

"ರಕ್ತ ಕೊಟ್ಟಿದ್ದು ನಾನಲ್ಲ ಕಣೇ. ಸೂಜಿ ನೋಡಿ ಕೈಕಾಲು ತಣ್ಣಗಾತು. ತಮ್ಮನ್ನ ಕೂರ್ಸಿ ನನ್ನ ಹೆಸರು ಹೇಳ್ದೆ. ಒಂದೇ ತಾಯಿ ಮಕ್ಕಳಲ್ವಾ, ಇಬ್ರುದೂ ಒಂದೇ ಇರ್ತದೆ ಅಂದ್ಕಂಡೆ."

"ಹಂಗಾರೆ ಹೆರೋಕೆ ನನ್ನ ತಂಗಿ ಹೋಗ್ತಾಳೆ ಬಿಡಿ!" ಎಂದು ಚೊಂಬು ಕುಕ್ಕಿದೆ. ಅಷ್ಟು ಸಿಟ್ಟು ನನಗೆ ಯಾವತ್ತೂ ಬಂದಿರಲಿಲ್ಲ.

ಮರುದಿನ ನಾನೇ ಅವರನ್ನು ಬಸ್ಸು ಹತ್ತಿಸಿ ತೀರ್ಥಹಳ್ಳಿಗೆ ಕರೆದೊಯ್ದು ಸೂಜಿಯ ಮುಂದೆ ಕೂರಿಸಿದೆ. ಅವರು ಕಣ್ಣು ಮುಚ್ಚಿ, ಒಂದು ಕೈಯಲ್ಲಿ ನನ್ನ ಸೆರಗು ಹಿಡಿದು, ಇನ್ನೊಂದು ಚಾಚಿದರು. ಪಾಸಿಟಿವ್. ಅಲ್ಲಿಂದ ಪ್ರತಿ ತಿಂಗಳೂ ನನ್ನ ರಕ್ತ ಆಗುಂಬೆ ಘಾಟಿ ಇಳಿದು ಕರಾವಳಿಯ ದೊಡ್ಡ ಆಸ್ಪತ್ರೆಗೆ ಹೋಗುತ್ತಿತ್ತು. ಎಂಟು ತಿಂಗಳು ತುಂಬುವ ಹೊತ್ತಿಗೆ ಪರೀಕ್ಷೆಯಲ್ಲಿ ತೊಂದರೆ ಕಾಣಿಸಿತು. ನಾನೂ ಘಾಟಿ ಇಳಿದೆ. ದಿನ ತುಂಬುವ ಮೊದಲೇ ಹೆರಿಗೆ ಮಾಡಿಸಿ, ಹುಟ್ಟಿದ ಮಗಳ ಮೈಯ ರಕ್ತವನ್ನೇ ಬದಲಿಸಿದರು.

ಕೂಸನ್ನು ಕೈಗೆ ಕೊಟ್ಟ ದಿನ ಗಂಡ ಅದನ್ನು ಕಿಟಕಿಯ ಬೆಳಕಿಗೆ ಒಯ್ದು ಪಾದ, ಕಿವಿ, ಕಣ್ಣು ಎಲ್ಲ ನೋಡಿದರು. "ಹಳದಿ ಇಲ್ಲ ಕಣೇ" ಎಂದರು. ಎರಡನೆಯದು ಹೋದಾಗ ಒಂದು ಹನಿ ಕಣ್ಣೀರು ಹಾಕದಿದ್ದ ಮನುಷ್ಯ ವಾರ್ಡಿನಲ್ಲಿ ಎಲ್ಲರೆದುರು ಬಿಕ್ಕಿಬಿಕ್ಕಿ ಅತ್ತರು.

"ಅದನ್ನೂ ಹಿಂಗೇ ಉಳಿಸ್ಕಬಹುದಿತ್ತಲ್ವೇನೇ?"